ಬಸ್ಯಾ ತಿಂದ ಹೋಳಿಗೆ

"ಕಡೀಕ ಹಿಕ್ಕಿ ಹಾಕಿದ್ದು ಯಾವಾಗ?" ಎಂದು ಡಾಕ್ಟರ್ ಸಿದ್ದೀಕಾ ಕೇಳಿದಾಗ ಪರಶು ತನ್ನ ಆಯಿಯ ಮುಖ ನೋಡಿದ. ಮೊಲ ಹಿಕ್ಕಿ ಹಾಕಿತೋ ಇಲ್ಲವೋ ಎಂದು ನೋಡುವುದೂ ಒಂದು ಕೆಲಸವೆಂದು ಅವನಿಗೆ ಈವರೆಗೆ ಹೊಳೆದಿರಲಿಲ್ಲ.

ಅಜ್ಜಿ ಗುಂಡವ್ವನಿಗೆ ಗೊತ್ತಿತ್ತು. "ಮೊನ್ನಿ ಹುಣ್ಣಿವಿ ದಿನ ಮುಂಜಾನಿ ಕಸಾ ಹೊಡಿಯೂಮುಂದ ಗ್ವಾದಲ್ಯಾಗ ಮುಷ್ಟಿ ತುಂಬ ಇದ್ದೂರಿ. ನಿನ್ನಿ ನಾಕೈದು, ಅವೂ ಸಾಸವಿ ಕಾಳಿನಂಥಾವು. ಇವತ್ತ ಒಂದೂ ಇಲ್ರಿ."

ಬಸವನ ಬಾಗೇವಾಡಿಯ ದನದ ದವಾಖಾನೆಯ ಮೇಜಿನ ಮೇಲೆ, ರೊಟ್ಟಿ ಬುಟ್ಟಿಯೊಳಗೆ ಬಸ್ಯಾ ಬೆನ್ನು ಗೂನು ಮಾಡಿಕೊಂಡು ಕೂತಿತ್ತು. ಬಿಳಿ ಮೊಲ. ಕಿವಿ ಹಿಂದಕ್ಕೆ ಬಿದ್ದಿದ್ದವು. ಆಗಾಗ ಹಲ್ಲು ಕಡಿಯುತ್ತಿತ್ತು. ಹೊರಗೆ ಬೇವಿನ ಗಿಡದ ಕೆಳಗೆ ಎಮ್ಮೆ ಹಿಡಿದು ನಿಂತಿದ್ದ ರೇವಣಪ್ಪ ಕಿಟಕಿಯಲ್ಲಿ ಮುಖ ತೂರಿಸಿ, "ತಮ್ಮಾ, ಇದನ್ನ ಗುಣಾ ಮಾಡಿಸಿ ಒಯ್ತಿಯೋ, ಸಾರಿಗೆ ಒಯ್ತಿಯೋ?" ಎಂದ. ಬೇರೆ ದಿನವಾಗಿದ್ದರೆ ಪರಶು ಕಾಲರ್ ಎತ್ತಿ, ಕೊರಳು ದಪ್ಪ ಮಾಡಿ, ಖಳನಾಯಕನ ಗತ್ತಿನಲ್ಲಿ ಒಂದು ಡೈಲಾಗ್ ಒಗೆದು ಇಡೀ ದವಾಖಾನೆಯನ್ನು ನಗಿಸುತ್ತಿದ್ದ. ಇವತ್ತು ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡ.

ಮೊಲ ಅವನದಲ್ಲ, ತಂಗಿ ಪಲ್ಲವಿಯದು. ಸಿಂದಗಿಯ ಹಾಸ್ಟೆಲ್ಲಿನಲ್ಲಿದ್ದು ಬಿ.ಎಡ್. ಓದುವ ಅವಳು ಗೆಳತಿಯ ಮನೆಯಿಂದ ಮರಿ ತಂದು, ಹಾಸ್ಟೆಲ್ಲಿನವರು ಬಿಟ್ಟುಕೊಳ್ಳದ್ದರಿಂದ ಇಂಗಳೇಶ್ವರದ ಮನೆಯಲ್ಲಿ ಬಿಟ್ಟು ಹೋಗಿದ್ದಳು. ಅವಳಿಟ್ಟ ಹೆಸರು ಸ್ನೋಯಿ. ಗುಂಡವ್ವನ ನಾಲಗೆ ಆ ಹೆಸರಿಗೆ ಹೊರಳಲಿಲ್ಲ. ಮೂರು ವರ್ಷದ ಹಿಂದೆ ಎತ್ತು ಮಾರಿದ ಮೇಲೆ ಖಾಲಿ ಬಿದ್ದಿದ್ದ ಗ್ವಾದಲಿಯಲ್ಲಿ, ಎತ್ತು ಮೇವು ತಿನ್ನುತ್ತಿದ್ದ ಜಾಗದಲ್ಲೇ, ಮೊಲ ಮನೆ ಮಾಡಿತು. ಹೋದ ಎತ್ತಿನ ಹೆಸರೂ ಅದಕ್ಕೇ ಬಂತು. ಹೋಗುವಾಗ ಪಲ್ಲವಿ ಗೋಡೆಗೆ ಒಂದು ಹಾಳೆ ಅಂಟಿಸಿದ್ದಳು: "ಒಣಾ ಹುಲ್ಲು ದಿನಾ ಅದರ ಮೈಯಷ್ಟು. ಸೊಪ್ಪು ಒಂದು ಹಿಡಿ. ಗಜ್ಜರಿ ವಾರಕ್ಕ ಎರಡು ತುಂಡು. ಸಿಹಿ, ಹಿಟ್ಟು, ಬ್ಯಾಳಿ ಇಲ್ಲ. ಇಲ್ಲ ಅಂದ್ರ ಇಲ್ಲ. ಅಣ್ಣಾ, ನಿನಗ ಹೇಳಾಕತ್ತೇನಿ."

ಡಾಕ್ಟರ್ ಸಿದ್ದೀಕಾ ಬಸ್ಯಾನ ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟರು. ಎಡಕ್ಕೆ ಕೇಳಿದರು, ಬಲಕ್ಕೆ ಕೇಳಿದರು.

"ಸಪ್ಪಳನ ಇಲ್ಲ. ಏನೇನ ತಿನಿಸೀರಿ?"

"ಹುಲ್ರಿ ಮೇಡಮ್," ಪರಶು ತಟ್ಟನೆ ಹೇಳಿದ. "ಬರೇ ಹುಲ್ಲು."

"ಸುಳ್ಳ ಯಾಕ ಹೇಳ್ತಿಯೋ?" ಗುಂಡವ್ವ ಸೆರಗು ಸರಿ ಮಾಡಿಕೊಂಡಳು. "ನಾನ ತಿನಿಸೇನ್ರಿ ಡಾಕ್ಟರಬಾಯಾರ. ಕಾರಹುಣ್ಣಿವಿ ಇತ್ರಿ, ಎತ್ತಿನ ಹಬ್ಬ. ದನದ ಮನ್ಯಾಗ ಎತ್ತಿಲ್ಲ, ಹಂಗಂತ ಗ್ವಾದಲಿಗೆ ಎಡಿ ಹಿಡೀದ ಹೆಂಗ ಇರೂದ್ರಿ? ಹಬ್ಬದ ದಿನ ಮನಿಯಾಗಿನ ಜೀವ ಒಣಾ ಹುಲ್ಲು ತಿನಬಾರದಂತ, ಹಣಿಗೆ ಅರಿಷಿಣ ಹಚ್ಚಿ ಹೂರಣಾ ಮುಂದ ಇಟ್ಟೇನಿ. ಇಷ್ಟ." ಅವಳು ಹೆಬ್ಬೆರಳಿನಿಂದ ಕಿರುಬೆರಳಿನ ತುದಿ ಒತ್ತಿ ತೋರಿಸಿದಳು.

"ಇಷ್ಟಕ್ಕ ಹಿಂಗ ಆಗೂದಿಲ್ಲ ಆಯಿ."

"ನನ್ನ ಕೈಗುಣಾನ ಸುಮಾರ ಇರಬೇಕ್ರಿ."

ಸಿದ್ದೀಕಾ ತಲೆ ಅಲ್ಲಾಡಿಸಿದರು. ಬೆರಳಿನಿಂದ ಹೊಟ್ಟೆ ಮೆಲ್ಲಗೆ ಒತ್ತಿ ನೋಡುತ್ತ ಪರಶುವಿಗೆ ಹೇಳಿದರು: "ಹುಲ್ಲು, ಒಂದು ಚಿಟಿಗಿ ಹೂರಣಾ. ಅಷ್ಟ ಅಂದ್ರ ಇದು ಬ್ಯಾರೆ ಏನರೆ ನುಂಗೈತಿ. ಅರಿವಿ, ದಾರ, ಪ್ಲಾಸ್ಟಿಕ್. ಒಳಗ ಹಂಗೇನರೆ ಸಿಕ್ಕೊಂಡಿದ್ರ ನಾ ಹೊಟ್ಟಿ ನಡಸೂ ಇಂಜೆಕ್ಷನ್ ಕೊಡಾಕ ಬರೂದಿಲ್ಲ. ಕೊಟ್ರ ಕರಳು ಹರೀತಾವು. ವಿಜಯಪುರಕ್ಕ ಒಯ್ದು ಎಕ್ಸರೇ ಮಾಡಸ್ರಿ. ದಾರ್ಯಾಗ ತಡೀತೈತಿ ಅಂತ ನಾ ಹೇಳಂಗಿಲ್ಲ."

ಬಸ್ಯಾ ಮತ್ತೆ ಹಲ್ಲು ಕಡಿಯಿತು. ಗುಂಡವ್ವ ಬುಟ್ಟಿಯ ಅಂಚು ಹಿಡಿದುಕೊಂಡು, "ಪಲ್ಲವಿಗೆ ನಾನ ಹೇಳ್ತೇನಿ ತಗೋ. ಆಯಿ ಕೈಯಾಗ ಹಿಂಗಾತು ಅಂತ. ನೀ ಏನ ಅನಿಸಿಕೋಬ್ಯಾಡ," ಎಂದಳು.

ಪರಶುವಿನ ಪ್ಯಾಂಟಿನ ಕಿಸೆಯಲ್ಲಿ ಮೊಬೈಲ್ ಇತ್ತು. ಮೊಬೈಲಿನಲ್ಲಿ ಮೊನ್ನೆ ಮಧ್ಯಾಹ್ನದ ರೀಲ್ ಇತ್ತು. ಆಯಿ ಉಂಡು ಅಡ್ಡಾದ ಮೇಲೆ ಅವನು ರಟ್ಟಿನಲ್ಲಿ ಕೋಡು ಕತ್ತರಿಸಿ, ಬಾಗೇವಾಡಿಯಲ್ಲಿ ತಾನು ಕೆಲಸ ಮಾಡುವ ಫ್ಲೆಕ್ಸ್ ಅಂಗಡಿಯಿಂದ ತಂದ ಬಂಗಾರ ಬಣ್ಣದ ಹಾಳೆ ಹಚ್ಚಿ, ಮೊಲದ ತಲೆಗೆ ಕಟ್ಟಿದ್ದ. ಮೊಲ ಹೋಳಿಗೆ ಕಚ್ಚಬೇಕು, ಕಚ್ಚಿದ ಕ್ಷಣಕ್ಕೆ ಸರಿಯಾಗಿ ಅವನ ಡೈಲಾಗ್ ಬೀಳಬೇಕು. ಒಮ್ಮೆ ಮೊಲ ಕಚ್ಚಿದಾಗ ಡೈಲಾಗ್ ತಪ್ಪಿತು. ಒಮ್ಮೆ ಡೈಲಾಗ್ ಸರಿ ಬಿದ್ದಾಗ ಕೋಡು ಜಾರಿತು. ಪ್ರತಿ ಟೇಕಿಗೂ ಹೋಳಿಗೆಯ ಹೊಸ ತುಂಡು ಬೇಕಾಯಿತು. ಹನ್ನೊಂದನೆಯದು ಓಕೆ ಆಯಿತು. ಸಂಜೆಯ ಹೊತ್ತಿಗೆ ನಾಲ್ಕು ಸಾವಿರ ಜನ ನೋಡಿ ನಕ್ಕಿದ್ದರು. ಪಲ್ಲವಿಗೊಬ್ಬಳಿಗೆ ಕಾಣದ ಹಾಗೆ ಅವನು ಮೊದಲೇ ಹೈಡ್ ಮಾಡಿದ್ದ.

ಸಿದ್ದೀಕಾ ಚೀಟಿ ಬರೆಯಲು ಪೆನ್ನು ತೆಗೆದುಕೊಂಡರು.

"ಮೇಡಮ್, ಒಂದ ನಿಮಿಷ ತಡೀರಿ," ಎಂದು ಪರಶು ಮೊಬೈಲ್ ತೆಗೆದು ಅವರ ಮುಂದೆ ಹಿಡಿದ. ರೀಲ್ ಒಂದನ್ನೇ ತೋರಿಸಬಹುದಿತ್ತು; ಹಿಂದಿನ ಹತ್ತು ತುಣುಕುಗಳನ್ನೂ ತೆರೆದ.

ದವಾಖಾನೆಯ ಕೋಣೆಯಲ್ಲಿ ಅವನದೇ ದಪ್ಪ ದನಿ ಕೇಳಿಸಿತು. "ಈ ಗ್ವಾದಲಿಗೆ ಒಬ್ಬನ ಬಸವ. ಅಂವಾ ಹುಲ್ಲು ತಿನ್ನೂದಿಲ್ಲ, ಹೋಳಿಗಿ ತಿಂತಾನ." ಮತ್ತೆ ಅದೇ ದನಿ. ಮತ್ತೆ ಅದೇ. ಕಿಟಕಿಯಾಚೆ ರೇವಣಪ್ಪನಿಗೆ ನಗು ಬಂತು. ಒಳಗೆ ಯಾರೂ ನಗದಿದ್ದುದನ್ನು ಕಂಡು ಎಮ್ಮೆಯ ಹಗ್ಗ ಸರಿಪಡಿಸತೊಡಗಿದ. ನಾಲ್ಕನೆಯ ತುಣುಕಿಗೆ ಸಿದ್ದೀಕಾ, "ಸಾಕು, ಬಂದ್ ಮಾಡ್ರಿ," ಎಂದರು. "ಎಲ್ಲಾ ಸೇರಿ ಎಷ್ಟ ಆದುವು?"

"ಎರಡರ ಮ್ಯಾಲ ಅರ್ಧಾ ಹೋಳಿಗಿ ಇರಬೇಕ್ರಿ. ನಡುವ ಮುನಿಸಿಕೊಂಡಿತ್ರಿ, ಮೂರು ಬಿಸ್ಕಿಟ್ ಕೊಟ್ಟೆ."

"ದಾರ, ಹಾಳಿ?"

"ಇಲ್ರಿ. ಕೋಡು ಹಂಗ ಅದಾವು, ಮನ್ಯಾಗ."

ಸಿದ್ದೀಕಾ ಚೀಟಿ ಮಡಚಿಟ್ಟು ಸಿರಿಂಜ್ ತೆಗೆದರು. ಚರ್ಮದ ಕೆಳಗೆ ಸಲೈನ್ ಕೊಟ್ಟರು, ನೋವಿಗೊಂದು, ಹೊಟ್ಟೆ ನಡೆಸಲು ಒಂದು ಇಂಜೆಕ್ಷನ್ ಚುಚ್ಚಿದರು. ಕೈ ಕೆಲಸ ಮಾಡುತ್ತಲೇ ಗುಂಡವ್ವನಿಗೆ ಹೇಳಿದರು: "ಮೊಲದ ಹೊಟ್ಟಿ ಹಿಟ್ಟಿನ ಗಿರಣಿ ಇದ್ದಂಗ ಆಯಿ. ಒಣಾ ಹುಲ್ಲು ಮ್ಯಾಲಿಂದ ಮ್ಯಾಲ ಬೀಳತಿರಬೇಕು, ಅದು ತಿರಗತಿರಬೇಕು. ಬೆಲ್ಲ, ಬ್ಯಾಳಿ, ಮೈದಾ ಬಿತ್ತಂದ್ರ ಒಳಗ ಹುಳಿ ಬಂದು ಗಾಳಿ ತುಂಬತೈತಿ, ಗಿರಣಿ ನಿಂದರತೈತಿ. ನಮ್ಮಂಗ ವಾಂತಿ ಮಾಡಿ ಹಗರ ಆಗಾಕೂ ಅದಕ್ಕ ಬರೂದಿಲ್ಲ."

"ಎತ್ತಿಗೆ ಹಾಕಿದಂಗ ಒಂದೀಟ ಎಣ್ಣಿ ಬಿದಿರಿನ ಗೊಟ್ಟಾದಾಗ ಬಾಯಿಗೆ ಹಾಕಿದ್ರ?"

"ಗೊಟ್ಟಾ ಎತ್ತಿಗೆ. ಇದಕ್ಕ ಎಣ್ಣಿ ಉಸಿರಿನಾಗ ಹೋತಂದ್ರ ಅಲ್ಲೇ ಮುಗೀತು. ಈ ಹನಿ ಔಷಧ ಹಾಕ್ರಿ, ಹೊಟ್ಟಿ ತಿಕ್ಕರಿ, ಕರಿಕಿ ಹುಲ್ಲು ಮುಂದ ಇಡ್ರಿ. ನಾಳಿ ಮುಂಜಾನಿ ತನಕ ಹಿಕ್ಕಿ ಹಾಕಿದ್ರ ಉಳೀತು."

ಪರಶು ಹನಿ ಔಷಧದ ಸೀಸೆ ಕಿಸೆಗಿಟ್ಟುಕೊಂಡ.

ಹೊರಗೆ ಬಂದ ಮೇಲೆ ಗುಂಡವ್ವ ಬೈಕ್ ಹತ್ತದೆ ಬುಟ್ಟಿ ಅವಚಿಕೊಂಡು ನಿಂತಳು.

"ನಿನ್ನಿಯಿಂದ ನಾ ನನ್ನ ಕೈನ ಬೈಕೋತ ಕುಂತೇನಲ್ಲೋ."

"ಹೂಂ."

"ನನ್ನ ಮುಂದ ಒಂದ ಮಾತ ಹೇಳಾಕ ಏನಾಗಿತ್ತು ನಿನಗ? ಊರ ಮಂದಿಗೆಲ್ಲಾ ಡೈಲಾಗ್ ಹೊಡಿತಿ."

ಪರಶು ಬೈಕಿನ ಕಿಕ್ ಒದ್ದ. ಮೊದಲ ಸಲ ಹತ್ತಲಿಲ್ಲ. ಎರಡನೆಯ ಸಲವೂ ಹತ್ತಲಿಲ್ಲ. ಆಯಿ ಮೂರನೆಯ ಸಲಕ್ಕೆ ಕಾಯದೆ ಹಿಂದೆ ಕೂತಳು.

ಮನೆಗೆ ಬಂದವಳೇ ಕುಡಗೋಲು ಹಿಡಿದು ಹೊಲದ ಬದುವಿಗೆ ಹೋಗಿ ಉಡಿ ತುಂಬ ಕರಿಕಿ ಕೊಯ್ದು ತಂದಳು. ಒಂದೊಂದೇ ಎಳೆ ಆರಿಸಿ, ಮಣ್ಣು ಝಾಡಿಸಿ, ಬಸ್ಯಾನ ಮೂಗಿನ ಮುಂದಿಟ್ಟಳು. ಮೊಲ ಮುಖ ತಿರುಗಿಸಿತು. ಪರಶು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಡಾಕ್ಟರ್ ತೋರಿಸಿದ ಹಾಗೆ ಹೊಟ್ಟೆ ತಿಕ್ಕುತ್ತ ಕೂತ. ಹೊಟ್ಟೆ ಗಾಳಿ ತುಂಬಿದ ಚೆಂಡಿನ ಹಾಗಿತ್ತು. ಅಂಗಡಿಯಿಂದ ಎರಡು ಸಲ ಫೋನ್ ಬಂತು, ಎತ್ತಲಿಲ್ಲ.

ಸಂಜೆ ಆರಕ್ಕೆ ಪಲ್ಲವಿ ಫೋನ್ ಮಾಡಿದಳು. "ಅಣ್ಣಾ, ಸ್ನೋಯಿ ಹುಲ್ಲು ತಿಂತೇನು?"

"ಇಲ್ಲ. ನಾ ಒಂದು ಕಳಸ್ತೇನಿ, ನೋಡು. ನೋಡಿ ಆಮ್ಯಾಲ ಬೈ."

ಹನ್ನೊಂದೂ ಕಳಿಸಿದ. ಡಾಕ್ಟರು ಹೇಳಿದ್ದನ್ನೂ ಬರೆದ. ಅವಳು ನೋಡಿದಳೆಂಬ ನೀಲಿ ಗೆರೆಗಳು ಒಂದೊಂದಾಗಿ ಮೂಡಿದವು. ಉತ್ತರ ಬರಲಿಲ್ಲ. ರೀಲ್ ಅಳಿಸಿ ಹಾಕುವಾಗ ಅದನ್ನು ಆರು ಸಾವಿರ ಜನ ನೋಡಿದ್ದರು.

ಮುಂಜಾನೆ ಕಸಬರಿಗೆಯ ಸಪ್ಪಳ ಶುರುವಾಗಿ, ಗ್ವಾದಲಿಯ ಹತ್ತಿರ ನಿಂತುಬಿಟ್ಟದ್ದು ಪರಶುವನ್ನು ಎಬ್ಬಿಸಿತು. ಅವನು ಎದ್ದು ಹೋದ. ಬಸ್ಯಾ ಮೂಲೆಯಲ್ಲಿ ಕೂತಿತ್ತು, ಬಾಯಿಂದ ಒಂದು ಎಳೆ ಕರಿಕಿ ಹೊರಗೆ ಚಾಚಿತ್ತು. ಗುಂಡವ್ವ ಬಗ್ಗಿ ನೆಲದಿಂದ ಏನನ್ನೋ ಆರಿಸಿ ಅಂಗೈ ಮೇಲಿಟ್ಟುಕೊಂಡಳು. ಒಂದು ಹಿಕ್ಕಿ. ಬೇಳೆಯಷ್ಟು ದೊಡ್ಡದು, ಒಂದು ಕಡೆ ಚಪ್ಪಟೆ.

ಮೊಬೈಲಿನಲ್ಲಿ ಪಲ್ಲವಿಯ ಒಂದೇ ಸಾಲು ಬಂದಿತ್ತು: "ಹಿಕ್ಕಿ ಹಾಕ್ತೇನು?"

ಪರಶು ಕ್ಯಾಮೆರಾ ತೆರೆದ.

"ನನ್ನ ಕೈ ಬ್ಯಾಡ ಬಿಡೋ," ಗುಂಡವ್ವ ಅಂದಳು. "ಒರಟ ಆಗೇತಿ, ಮಣ್ಣ ಮೆತ್ತೇತಿ. ಅದನ್ನಷ್ಟ ಹಿಡಿ."

"ಅಲ್ಲಾಡಸಬ್ಯಾಡ ಆಯಿ."

ಅವಳು ಕೈಯನ್ನು ಬಾಗಿಲಿನಿಂದ ಬರುತ್ತಿದ್ದ ಬೆಳಕಿಗೆ ಚಾಚಿ ಹಿಡಿದಳು. ಅವನು ಒಂದೇ ಸಲ ಒತ್ತಿದ.