ಒಂಬತ್ತು ಗ್ಯಾರೇಜುಗಳ ಪಟ್ಟಿ

ಗೋದಾಮಿನಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವಳು ಕಂಪ್ಯೂಟರಮ್ಮ. ಗಾಡಿಗಳ ಬಿಡಿಭಾಗ ತರಿಸಿ ಇನ್ನೂರ ಹನ್ನೆರಡು ಗ್ಯಾರೇಜುಗಳಿಗೆ ಹಂಚುವ ವ್ಯಾಪಾರ ಅವಳ ಸೋದರಮಾವನದು. ಮಾಲು ಕಟ್ಟಿ ಕಳಿಸುವ ಪ್ಯಾಕಿಂಗ್ ಮೇಜು ಅತ್ತೆಯದು. ಕಂಪ್ಯೂಟರಿನ ಕೋಣೆ ಇವಳದು. ಮಾವನಿಗೆ ಅಕ್ಕನ ಮಗಳೆಂದರೆ ಪ್ರಾಣ. ಅತ್ತೆಗೂ ಇವಳಿಗೂ ಮಾತ್ರ ಎಣ್ಣೆ ಸೀಗೇಕಾಯಿ. ಅತ್ತೆ ಪೆಟ್ಟಿಗೆ ಮುಟ್ಟಿ ಎಣಿಸಿದರೆ ಮಾತ್ರ ನಂಬುವವಳು, ಇವಳು ಪರದೆಯ ಮೇಲೆ ಕಂಡರೆ ಮಾತ್ರ ನಂಬುವವಳು. ಇಬ್ಬರಲ್ಲಿ ಯಾರದ್ದು ಸರಿ ಎಂದು ಯಾರಾದರೂ ಕೇಳಿದರೆ ಮಾವ ಕನ್ನಡಕ ಒರೆಸಿಕೊಳ್ಳಲು ಶುರುಮಾಡುತ್ತಿದ್ದ.

ಆ ಸೋಮವಾರ ಬೆಳಿಗ್ಗೆ ಏಳಕ್ಕೆ ಅವಳು ಕೋಣೆಯ ಬಾಗಿಲು ತೆಗೆದಾಗ ಚಪ್ಪಲಿಯೊಳಕ್ಕೆ ನೀರು ನುಗ್ಗಿತು. ತಾರಸಿಯ ಮೇಲಿನ ಟ್ಯಾಂಕಿನ ಪೈಪು ಸರಿಯಾಗಿ ರಜೆಯ ದಿನವನ್ನೇ ಆರಿಸಿಕೊಂಡು ಒಡೆದಿತ್ತು. ನೀರು ಚಾವಣಿಯ ಬಿರುಕಿನಿಂದ ಇಳಿದು, ಅಷ್ಟಗಲ ಕೋಣೆಯಲ್ಲಿ ಬೇರೆ ಜಾಗವೇ ಇಲ್ಲದ ಹಾಗೆ ದೊಡ್ಡ ಕಂಪ್ಯೂಟರಿನ ತಲೆಯ ಮೇಲೆ ಸುರಿದಿತ್ತು. ಅದರ ಪಕ್ಕದಲ್ಲಿದ್ದ, ಲೆಕ್ಕದ ನಕಲು ಇಡುವ ಬ್ಯಾಕಪ್ ಡಿಸ್ಕೂ ಜೊತೆಗೇ ಮುಳುಗಿತ್ತು.

ಆದರೆ ಕಂಪ್ಯೂಟರಮ್ಮ ತಣ್ಣೀರನ್ನೂ ಆರಿಸಿ ಕುಡಿಯುವ ಪೈಕಿ. ಇನ್ನೊಂದು ಡಿಸ್ಕನ್ನು ದಿನವೂ ಸಂಜೆ ಮನೆಗೆ ಒಯ್ದು ಬಟ್ಟೆಯ ಬೀರುವಿನಲ್ಲಿಡುತ್ತಿದ್ದಳು. ಅದಕ್ಕೊಂದು ದಿಂಬು ಕೊಡೋಣವೇ ಎಂದು ಗಂಡ ಮೂರು ವರ್ಷ ನಕ್ಕಿದ್ದ. ಈಗ ಅದೇ ಗಂಡ ಹಲ್ಲೂ ಉಜ್ಜದೆ ಡಿಸ್ಕು ಹಿಡಿದು ಓಡಿಬಂದ. ಪಕ್ಕದ ಪ್ರಿಂಟಿಂಗ್ ಪ್ರೆಸ್ಸಿನವರು ಒಂದು ಕಂಪ್ಯೂಟರು ಎರವಲು ಕೊಟ್ಟರು. ಅವಳು ಅದನ್ನು ಅತ್ತೆಯ ಪ್ಯಾಕಿಂಗ್ ಮೇಜಿನ ತುದಿಯಲ್ಲಿ ಹೂಡಿ ಕೆಲಸಕ್ಕೆ ಕೂತಳು. ಮೊದಲು ಒಂದನೇ ತಾರೀಖಿನ ಪೂರ್ತಿ ನಕಲು. ಅದರ ಮೇಲೆ ದಿನಕ್ಕೊಂದರಂತೆ ಹದಿಮೂರು ದಿನಗಳ ಬದಲಾವಣೆ, ಒಂದಾದ ಮೇಲೊಂದು. ನಡುವೆ ಒಂದು ದಿನ ಕೆಟ್ಟಿದ್ದರೆ ಅದರಾಚೆಯ ದಿನಗಳೆಲ್ಲ ಇದ್ದೂ ಇಲ್ಲದ ಹಾಗೆ.

ಹತ್ತು ಗಂಟೆಗೆ ಬ್ರೇಕ್ ಹೋಸ್, ಅಂದರೆ ಬ್ರೇಕಿನ ಎಣ್ಣೆ ಹರಿಯುವ ರಬ್ಬರ್ ಕೊಳವೆ, ತಯಾರಿಸುವ ಕಂಪನಿಯಿಂದ ಮಾವನಿಗೆ ಫೋನು ಬಂತು. ಹದಿನೇಳನೇ ಲಾಟಿನ ಹೋಸುಗಳ ರಬ್ಬರು ಸರಿಯಿಲ್ಲ, ಜೋರಾಗಿ ಬ್ರೇಕ್ ತುಳಿದರೆ ಒಡೆಯಬಹುದು, ತಕ್ಷಣ ಎಲ್ಲವನ್ನೂ ಹಿಂದಕ್ಕೆ ತರಿಸಿ ಎಂದರು. ಹೋಸಿನ ಮೇಲೆ ಲಾಟ್ ನಂಬರು ಇರುವುದಿಲ್ಲ, ಪೆಟ್ಟಿಗೆಯ ಮೇಲೆ ಮಾತ್ರ. ಪೆಟ್ಟಿಗೆಯನ್ನು ಗ್ಯಾರೇಜಿನವರು ಅವತ್ತೇ ಹರಿದು ಬಿಸಾಡುತ್ತಾರೆ. ಯಾವ ಪೆಟ್ಟಿಗೆ ಯಾರಿಗೆ ಹೋಯಿತೆಂಬುದು ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ಗ್ಯಾರೇಜುಗಳ ಫೋನ್ ನಂಬರುಗಳೂ ಅಲ್ಲೇ. ಮಾವನ ಸ್ವಂತ ಫೋನಿನಲ್ಲಿದ್ದದ್ದು ನಲವತ್ತು ನಂಬರು. ಆ ನಲವತ್ತಕ್ಕೂ ಅವನು ಕರೆಮಾಡಿ, ನಾನು ಮತ್ತೆ ಹೇಳುವ ತನಕ ನಮ್ಮ ಹೋಸು ಹಾಕಿದ ಯಾವ ಗಾಡಿಯನ್ನೂ ಹೊರಗೆ ಬಿಡಬೇಡಿ ಎಂದ. ಶಾಲೆಗಳಿಗೆ ರಜೆ ಶುರುವಾಗಿದ್ದ ದಿನಗಳು. ಎಲ್ಲರೂ ಗಾಡಿ ರಿಪೇರಿ ಮಾಡಿಸಿಕೊಂಡು ಊರು ಬಿಡುವ ಆತುರದಲ್ಲಿದ್ದರು. ಉಳಿದ ನೂರ ಎಪ್ಪತ್ತೆರಡು ಗ್ಯಾರೇಜುಗಳಲ್ಲಿ ಏನಾಗುತ್ತಿದೆಯೋ ಯಾರಿಗೂ ತಿಳಿಯದು.

ಇತ್ತ ಅವಳು ಒಂದೊಂದೇ ದಿನವನ್ನು ಕೂರಿಸುತ್ತಾ ಹೋದಳು. ಐದನೇ ದಿನದ ನಕಲು ಅರ್ಧಕ್ಕೆ ನಿಂತಿತು. ಅವಳು ಅದನ್ನು ಅಳಿಸಿ ಮತ್ತೆ ಮೊದಲಿನಿಂದ ಹಾಕಿದಳು. ಮತ್ತೆ ಅದೇ ಜಾಗದಲ್ಲಿ ನಿಂತಿತು. ಮಾವ ಐದು ನಿಮಿಷಕ್ಕೊಮ್ಮೆ ಬಂದು ಹೆಗಲ ಹಿಂದೆ ನಿಲ್ಲುತ್ತಿದ್ದ, ಕೇಳಬೇಕೆಂದದ್ದನ್ನು ಕೇಳದೆ ಹೋಗುತ್ತಿದ್ದ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಜಾಗ ಸಾಲದೆ ಹಾಗಾಗುತ್ತಿದೆಯೆಂದು ಅವಳಿಗೆ ಹೊಳೆದದ್ದು ಹನ್ನೊಂದೂವರೆಗೆ. ಪ್ರೆಸ್ಸಿನವರ ಒಪ್ಪಿಗೆ ಪಡೆದು ಅವರ ಹಳೆಯ ಲಗ್ನಪತ್ರಿಕೆಗಳನ್ನೆಲ್ಲ ಅಳಿಸಿ ಜಾಗ ಮಾಡಿದಳು. ಐದನೇ ದಿನ ದಾಟಿತು, ಆರನೆಯದು ದಾಟಿತು. ಎರಡೂವರೆಗೆ ಹದಿಮೂರನೆಯದೂ ಕೂತು, ಪರದೆಯ ಮೇಲೆ ಶನಿವಾರ ಸಂಜೆ ಬಿಟ್ಟುಹೋದ ಪುಟವೇ ತೆರೆದುಕೊಂಡಿತು.

ಹದಿನೇಳನೇ ಲಾಟ್ ಎಂದು ಒತ್ತಿದಳು. ಒಂಬತ್ತು ಗ್ಯಾರೇಜುಗಳ ಹೆಸರು ಬಂತು.

ಒಂಬತ್ತೇ. ಮಾವ ಪಟ್ಟಿಯನ್ನು ಎರಡು ಸಲ ಓದಿದ. ಅಕ್ಕ ಇವಳನ್ನು ಹೆತ್ತದ್ದು ಸಾರ್ಥಕ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಕಣ್ಣೊರೆಸಿಕೊಂಡು ಮುಂದಿನ ಕೋಣೆಗೆ ಓಡಿದ. ಕೆಲಸದವರು ಚಪ್ಪಾಳೆ ತಟ್ಟಿದರು. ಯಾರೋ ಚಹಾ ತಂದಿಟ್ಟರು. ಬೆಳಗಿನಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ. ಆ ಚಹಾದಷ್ಟು ರುಚಿಯಾದದ್ದನ್ನು ತಾನು ಕುಡಿದೇ ಇಲ್ಲವೆನ್ನಿಸಿತು. ಅವಳು ಹಿಗ್ಗಿದಳು, ಸುಳ್ಳೇಕೆ ಹೇಳಬೇಕು.

ಕುಡಿಯುತ್ತಲೇ, ಅಭ್ಯಾಸಬಲದಿಂದ, ಹೋಸುಗಳ ದಾಸ್ತಾನಿನ ಪುಟ ತೆಗೆದಳು. ಹದಿನಾರನೇ ಲಾಟಿನ ಮುಂದೆ ಮೈನಸ್ ಐನೂರ ಇಪ್ಪತ್ತು ಎಂದಿತ್ತು. ಗೋದಾಮಿಗೆ ಬಂದದ್ದೇ ಎಂಬತ್ತು ಪೆಟ್ಟಿಗೆ. ಹೋದದ್ದು ಆರುನೂರು, ಎಲ್ಲವೂ ಗುರುವಾರ ಒಂದೇ ದಿನ.

ಡಿಸ್ಕು ಕೆಟ್ಟಿರಲಿಲ್ಲ. ತಾವು ತುಂಬಿದ್ದನ್ನೇ ಅದು ನಿಯತ್ತಿನಿಂದ ವಾಪಸು ಕೊಟ್ಟಿತ್ತು. ಗುರುವಾರ ಮಾಲಿನ ನೂಕುನುಗ್ಗಲು. ಪೆಟ್ಟಿಗೆಗಳ ಮೇಲೆ ಹೊಳೆಯುವ ಟೇಪು ಸುತ್ತಿ ಬಂದು, ಲೇಬಲ್ ಓದುವ ಗನ್ನು ಓದುತ್ತಲೇ ಇರಲಿಲ್ಲ. ಅತ್ತೆ ಬಂದು, ಹೀಗಾದರೆ ರಾತ್ರಿಯಾದರೂ ಮಾಲು ಹೊರಡುವುದಿಲ್ಲ ಎಂದು ರೇಗಿದ್ದಳು. ಒಂದು ಒಳ್ಳೆ ಲೇಬಲನ್ನು ಮೇಜಿಗೆ ಅಂಟಿಸಿಕೊಂಡು ಪ್ರತಿ ಪೆಟ್ಟಿಗೆಗೂ ಅದಕ್ಕೇ ಗನ್ನು ಹಿಡಿಯಿರಿ, ಲೆಕ್ಕ ಸರಿಹೋದರೆ ಸಾಕು ಎಂದವಳು ಕಂಪ್ಯೂಟರಮ್ಮನೇ. ಹಾಗೆ ಅಂಟಿಸಿದ್ದು ಹದಿನಾರನೇ ಲಾಟಿನ ಲೇಬಲು. ಹಾಗೆ ಮಾಡಿದರೆ ಲಾಟ್ ತಪ್ಪುತ್ತದಲ್ಲವಾ ಎಂದು ಅತ್ತೆ ಕೇಳಿದ್ದಳು. ಲಾಟ್ ಯಾರು ನೋಡ್ತಾರೆ ಅತ್ತೆ ಎಂದು ನಕ್ಕು, ಮೈನಸ್ ಬಂದರೆ ತಡೆಯುವ ಕಂಪ್ಯೂಟರಿನ ಕಾವಲನ್ನೂ ಇವಳೇ ತೆಗೆದುಹಾಕಿದ್ದಳು. ಆ ಆರುನೂರರಲ್ಲಿ ಹದಿನೇಳನೆಯದು ಎಷ್ಟಿತ್ತೋ, ಎಲ್ಲಿಗೆ ಹೋಯಿತೋ, ದೇವರೇ ಬಲ್ಲ. ಪಟ್ಟಿಯಲ್ಲಿದ್ದ ಒಂಬತ್ತು ಗ್ಯಾರೇಜಿನವರು ಗುರುವಾರಕ್ಕೆ ಮೊದಲು ಮಾಲು ಪಡೆದವರು, ಅಷ್ಟೇ.

ಗೋಡೆಯಾಚೆ ಮಾವನ ದನಿ ಕೇಳುತ್ತಿತ್ತು. ಒಂಬತ್ತು ಕರೆ ಮುಗಿಸಿ ಅವನು ಈಗ ಬೆಳಿಗ್ಗೆ ತಡೆದಿದ್ದವರನ್ನು ಬಿಡುಗಡೆ ಮಾಡುತ್ತಿದ್ದ. "ನಿಮ್ದು ಸರಿಯಿದೆ. ಧಾರಾಳವಾಗಿ ಗಾಡಿ ಬಿಡಿ. ನಮ್ಮ ಹುಡುಗಿ ಎಲ್ಲಾ ವಾಪಸ್ ತಂದಿದಾಳೆ."

ಏಳಬೇಕು. ಏಳಲಿಲ್ಲ. ಗುರುವಾರದ್ದರಲ್ಲಿ ಹೆಚ್ಚಿನವು ದೋಷವಿಲ್ಲದ ಹದಿನೆಂಟನೇ ಲಾಟಿನವೇ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಈಗಷ್ಟೇ ತಟ್ಟಿದ ಚಪ್ಪಾಳೆ ಕಿವಿಯಲ್ಲಿನ್ನೂ ಇತ್ತು. ಎದುರಿಗೆ ಅತ್ತೆ ಟೇಪು ಕತ್ತರಿಸುವುದನ್ನು ನಿಲ್ಲಿಸಿ ಪರದೆಯನ್ನೇ ನೋಡುತ್ತಿದ್ದಳು. ಅವಳಿಗೆ ಅಂಕಿ ಓದಲು ಬರುತ್ತದೆಂಬುದನ್ನು ಇವಳು ಯಾವಾಗಲೂ ಮರೆಯುತ್ತಿದ್ದಳು. ಗೋಡೆಯಾಚೆ ಇನ್ನೊಂದು ಕರೆ ಮುಗಿಯಿತು. ಮತ್ತೊಂದು ಶುರುವಾಯಿತು. ಹೀಗೇ ಹತ್ತು ನಿಮಿಷ ಹೋಯಿತು.

ಅತ್ತೆ ಎದ್ದು ಸೆರಗಿಗೆ ಕೈ ಒರೆಸಿಕೊಂಡಳು. "ನಾನು ಹೋಗಿ ನಿಲ್ಲಿಸ್ತೀನಿ. ಗನ್ನು ಹಿಡಿದಿದ್ದು ನನ್ನ ಕೈ, ನಂದೇ ತಪ್ಪು ಅಂತೀನಿ. ಮೂವತ್ತು ವರ್ಷದಿಂದ ಬೈಸಿಕೊಂಡಿದೀನಿ, ನಂಗೇನೂ ಆಗಲ್ಲ."

ಆ ಮಾತಿಗೆ ಅವಳಿಗೆ ನಾಚಿಕೆಯಿಂದ ಮೈಯೆಲ್ಲ ಸುಟ್ಟಂತಾಯಿತು. ಅತ್ತೆಯನ್ನು ಹಿಂದಿಕ್ಕಿ ಓಡಿ, ಮಾವನ ಕೈಯಿಂದ ಫೋನು ಕಿತ್ತುಕೊಂಡಳು. ಎಲ್ಲವನ್ನೂ ಹೇಳಿದಳು, ಲೇಬಲ್ಲು, ಮೈನಸ್ಸು, ತನ್ನ ನಗು. ಮಾವ ಅಷ್ಟರಲ್ಲಿ ಹನ್ನೆರಡು ಗ್ಯಾರೇಜುಗಳನ್ನು ಬಿಡುಗಡೆ ಮಾಡಿಯಾಗಿತ್ತು. ಉಳಿದವರೆಲ್ಲರ ನಂಬರಿನ ಪಟ್ಟಿಯನ್ನು ಮುದ್ರಿಸಿ ಅತ್ತೆಯ ಕೈಗೂ ಕೆಲಸದವರ ಕೈಗೂ ಹಂಚಿದರು. ಆ ಹನ್ನೆರಡನ್ನು ಅವಳೇ ಇಟ್ಟುಕೊಂಡಳು.

ಹನ್ನೊಂದು ಗ್ಯಾರೇಜುಗಳಲ್ಲಿ ಗಾಡಿಗಳು ಇನ್ನೂ ಹೊರಟಿರಲಿಲ್ಲ. ಹನ್ನೆರಡನೆಯವನು ಒಂದು ವ್ಯಾನು ಬಿಟ್ಟೆ ಎಂದ. ಬೆಳಗಿನಿಂದ ಕುಟುಂಬ ಸಮೇತ ಕಾದು ಕೂತಿದ್ದವರು, ನಿಮ್ಮ ಮಾವ ಹೇಳಿದ ಕೂಡಲೇ ಹೊರಟರು, ಈಗ ಇಳಿಜಾರಿನ ರಸ್ತೆಯಲ್ಲಿರಬೇಕು ಎಂದ. ಅವನು ಕೊಟ್ಟ ನಂಬರನ್ನು ಅವಳು ಕೂಡಲೇ ಒತ್ತಿದಳು. ಎತ್ತಿದ್ದು ಒಬ್ಬ ಹೆಂಗಸು. ಅವರು ಓಡಿಸ್ತಿದಾರೆ, ಏನಾಗಬೇಕಿತ್ತು ಎಂದಳು.

"ಅಕ್ಕಾ, ನಾನು ಹೇಳೋದನ್ನ ಅವರಿಗೆ ನಿಧಾನವಾಗಿ ಹೇಳಿ. ಬ್ರೇಕ್ ಜೋರಾಗಿ ತುಳೀಬಾರದು. ಗೇರ್ ಒಂದೊಂದೇ ಇಳಿಸ್ಲಿ. ವೇಗ ಕಮ್ಮಿ ಆದ್ಮೇಲೆ ಹ್ಯಾಂಡ್ ಬ್ರೇಕ್ ಮೆಲ್ಲಗೆ ಎಳೀಲಿ."

ಆ ಕಡೆ ಹೆಂಗಸು ಒಂದೊಂದೇ ಮಾತನ್ನು ದಾಟಿಸುವುದು ಕೇಳಿಸಿತು. ಇಂಜಿನ್ನು ಅರಚಿತು. ಯಾವುದೋ ಲಾರಿಯ ಹಾರನ್ನು ಹತ್ತಿರ ಬಂದು ದೂರವಾಯಿತು. ಮಗುವೊಂದು ಏನೋ ಕೇಳಿತು, ಯಾರೋ ಸುಮ್ಮನಿರಿಸಿದರು. ಆಮೇಲೆ ಇಂಜಿನ್ನಿನ ಸದ್ದು ನಿಂತಿತು.

ಗಾಡಿ ನಿಂತಿದೆ ಎಂದಳು ಹೆಂಗಸು. ಅವಳ ಉಸಿರಾಟ ಫೋನಿನಲ್ಲಿ ಕೇಳುತ್ತಿತ್ತು. ಏನಾಗಿದೆ ಎಂದು ಕೇಳಿದಳು, ಇವಳು ಹೇಳಿದಳು. ನಿಮಗಿದು ಯಾವಾಗ ಗೊತ್ತಾಯಿತು ಎಂದಳು. ಈಗಷ್ಟೇ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡು, ನೀವು ಹೊರಡೋಕೆ ಮುಂಚೆ, ಒಂದು ಹತ್ತು ನಿಮಿಷ ಮುಂಚೆ ಎಂದಳು.

"ಹಿಂದಿನ ಸೀಟಲ್ಲಿ ನಮ್ಮತ್ತೆ ಇದಾರೆ, ಮೂರು ಮಕ್ಕಳಿದಾವೆ," ಎಂದಳು ಹೆಂಗಸು, ದನಿ ಏರಿಸದೆ. "ಆ ಹತ್ತು ನಿಮಿಷ ನೀವು ಏನು ಯೋಚನೆ ಮಾಡ್ತಿದ್ರಿ?"

ಮಾವ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಅತ್ತೆಯೂ ಇದ್ದಳು.

"ನನ್ನ ಬಗ್ಗೆ," ಎಂದಳು ಅವಳು.