ಮೂರು ಶಿಕ್ಕಾ

“ಏ ಗುಣಿ! ಕಸಾ ಆರಿಸೋ ಹಲ್ಕಟ್ ರಂಡಿ, ನಿನಗೂ ಇಲೆಕ್ಷನ್ ಬೇಕಾತೇನ?”

ದತ್ತಾತ್ರೇಯರಾಯರು ಸ್ಕೂಟರಿನಿಂದ ಇಳಿಯದೆಯೇ ಕೂಗಿದರು. ನನ್ನ ಚಿಗವ್ವ ಗುಣವತಿ ತಲೆ ಎತ್ತಲಿಲ್ಲ. ಲೇತ್ ಯಂತ್ರಗಳು ಉಗುಳಿದ ಲೋಹದ ಸುರುಳಿಗಳ ಗುಡ್ಡೆಯ ಮುಂದೆ ನಾವು ಹೆಂಗಸರು ಕುಕ್ಕರಗಾಲಲ್ಲಿ ಕೂತಿದ್ದೆವು. ಅಯಸ್ಕಾಂತಕ್ಕೆ ಅಂಟಿದ ಕಬ್ಬಿಣ ಒಂದು ಬುಟ್ಟಿಗೆ, ಅಂಟದ ಹಿತ್ತಾಳೆ ಇನ್ನೊಂದಕ್ಕೆ. ಹಿತ್ತಾಳೆಯ ಸುರುಳಿಗಳು ಬಿಸಿಲಿಗೆ ಹೊಳೆದರೆ ನನಗೆ ಚಿಗವ್ವನ ತಾಯಿ, ನನ್ನಜ್ಜಿ ಆಯಿಯ ಕಥೆಯಲ್ಲಿ ರಾಕ್ಷಸ ಬಚ್ಚಿಟ್ಟ ರಾಜಕುಮಾರಿಯ ಕೂದಲಿನಂತೆ ಕಾಣುತ್ತಿದ್ದವು.

“ನಿಮಗೂ ಬೇಕಾಗೇತಲ್ರೀ ಸಾಹೇಬ್ರ,” ಅಂದಳು ಚಿಗವ್ವ.

“ನನಗ ಸರಿಸಮ ಆದ್ಯಾ? ನಮ್ಮಜ್ಜ ನಿಜಾಮನ ಕಚೇರ್ಯಾಗ ಪೇಶ್ಕಾರ ಇದ್ದ. ನಿಮ್ಮಜ್ಜ ಏನ್ ಮಾಡತಿದ್ದ?”

“ನಿಮ್ಮಜ್ಜನ ಕುದರಿ ಸತ್ರ ಎಳದು ಒಗೀತಿದ್ದ್ರಿ.”

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ರಾಯರು ಬಾಯಲ್ಲಿದ್ದ ಪಾನನ್ನು ಚಿಗವ್ವನ ಹಿತ್ತಾಳೆ ಬುಟ್ಟಿಗೆ ಉಗಿದರು. “ಇದನ್ನೂ ಆರಿಸು,” ಎಂದು ಸ್ಕೂಟರ್ ಓಡಿಸಿಕೊಂಡು ಹೋದರು. ಚಿಗವ್ವ ಆರಿಸಿದಳು.

ನಾವು ಕಸ ಆರಿಸುತ್ತಿದ್ದ, ತೆಲುಗು ಸೀಮೆಯ ಬಾಲಾನಗರದ ಆ ಫೌಂಡ್ರಿಗೆ ಪಾಲುದಾರರು ಇಬ್ಬರು. ದತ್ತಾತ್ರೇಯರಾಯರು ಆಳುವ ಪಕ್ಷ, ರಾಮಕೃಷ್ಣಯ್ಯ ಎದುರು ಪಕ್ಷ. ವಾರ್ಡಿನ ಚುನಾವಣೆಗೆ ಇಬ್ಬರೂ ನಿಂತಿದ್ದರು. ಫೌಂಡ್ರಿಯ ಗೋಡೆಯ ಹಿಂದೆ ನಮ್ಮ ಬಸ್ತಿ, ರಾಯಚೂರು ಕಡೆಯಿಂದ ಹೊಟ್ಟೆಪಾಡಿಗೆ ಬಂದವರ ಗುಡಿಸಲುಗಳು. ಇಬ್ಬರಲ್ಲಿ ಯಾರು ಗೆದ್ದರೂ ಬಸ್ತಿ ಎಬ್ಬಿಸಿ ಅಲ್ಲಿ ಗೋಡೌನ್ ಕಟ್ಟುವುದೆಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಚಿಗವ್ವ ಪಕ್ಷೇತರಳಾಗಿ ನಿಂತಳು. ಏಣಿಯ ಗುರುತು ಸಿಕ್ಕಿತು.

“ಎರಡು ಪಾರ್ಟಿ ನಡುವ ಮೂರನೇದಾಕಿ ಗೆದ್ದದ್ದು ಎಲ್ಲೆರ ಕೇಳೀಯೇನ?” ಎಂದು ಕೇಳಿದ್ದ ಅಮೃತಪ್ಪ, ಫೌಂಡ್ರಿಯಲ್ಲಿ ಎರಕ ಹೊಯ್ಯುವವನು.

“ಕೇಳಿಲ್ಲೋ ಅಣ್ಣಾ. ಆದ್ರ ವಾರ್ಡಿನಾಗಿನ ಕಾಲನಿ ಮಂದಿ ವೋಟು ಅವರಿಬ್ಬರೊಳಗ ಅರ್ಧಾ ಅರ್ಧಾ ಹರದು ಹೋಗತಾವ. ಬಸ್ತಿ ವೋಟು ಹರೀಲಿಲ್ಲಂದ್ರ ನಮ್ಮ ಗಂಟಽ ದೊಡ್ಡದು.”

“ಹರೀಲಿಲ್ಲಂದ್ರ,” ಎಂದು ಅಮೃತಪ್ಪ ಬೀಡಿ ಹಚ್ಚಿಕೊಂಡಿದ್ದ.

ಮತದಾನದ ಹಿಂದಿನ ದಿನ ಬೆಳಿಗ್ಗೆ ಒಂದು ಟೆಂಪೋ ಬಂತು. ಅದರಲ್ಲಿ ಎಲ್ಲಮ್ಮನ ಪಟ, ಕೊಳಗದ ತುಂಬ ಅರಿಶಿನದ ನೀರು. ರಾಯರ ಮೇಸ್ತ್ರಿ ಗುಡಿಸಲು ಗುಡಿಸಲಿಗೂ ಹೆಸರು ಹಿಡಿದು ಕರೆದ. ಬಾರದವರಿಗೆ ನಾಳೆಯಿಂದ ಗುಡ್ಡೆಯ ಕೆಲಸವಿಲ್ಲ. ತಾಯಂದಿರು ಬಲಗೈಯನ್ನು ಅರಿಶಿನದಲ್ಲಿ ಅದ್ದಿ ತಮ್ಮ ಮಗುವಿನ ನೆತ್ತಿಯ ಮೇಲಿಟ್ಟು ಹೇಳಬೇಕು: ನನ್ನ ವೋಟಿನ ಶಿಕ್ಕಾ ರಾಯರ ಗುರುತಿಗೆ, ತಪ್ಪಿದರೆ ಈ ಕೂಸು ನನಗೆ ದಕ್ಕದಿರಲಿ.

ಮಧ್ಯಾಹ್ನ ಅದೇ ಟೆಂಪೋ ರಾಮಕೃಷ್ಣಯ್ಯನ ಬಾವುಟ ಕಟ್ಟಿಕೊಂಡು ಬಂತು. ಪಟವೂ ಅದೇ. ನೀರಿಗೆ ಒಂದಿಷ್ಟು ಅರಿಶಿನ ಹೆಚ್ಚಿಗೆ ಹಾಕಿದ್ದರು. ಅದೇ ತಾಯಂದಿರು ಅದೇ ಆಣೆಯನ್ನು ಅವನ ಗುರುತಿಗೂ ಇಟ್ಟರು.

“ಟೆಂಪೋ ಬಾಡಗಿದು. ಎಲ್ಲವ್ವನೂ ಬಾಡಗಿಗೆ ಬಂದಾಳೇನ್ರೋ?” ಎಂದ ಅಮೃತಪ್ಪ. ಮಕ್ಕಳು ಹಳದಿ ತಲೆ ಹೊತ್ತು ಓಡಾಡುತ್ತಿದ್ದವು.

“ಅವ್ರು ಕೈ ಹಿಡದು ಮಾಡಿಸಿದ್ದದು, ಆಣೀನಽ ಅಲ್ಲ,” ಎಂದು ಚಿಗವ್ವ ಓಣಿಯ ನಡುವೆ ನಿಂತು ಹೇಳಿದಳು. “ಒಳಗ ಹೋಗಿ ಏಣಿಗಿ ಒತ್ತರಿ. ಪರದೆ ಇರತದ, ಯಾರೂ ನೋಡಂಗಿಲ್ಲ.”

“ಎಲ್ಲವ್ವ ನೋಡತಾಳ,” ಅಂದಳು ಪಕ್ಕದ ಗುಡಿಸಲಿನ ಗೋದಾವರಿ. ಮಗಳನ್ನು ಸೊಂಟಕ್ಕೆ ಅವಚಿಕೊಂಡಿದ್ದಳು. “ಹಡೀಲಾರದಾಕಿ ನೀ. ನಿನಗೇನ್ ತಿಳೀತದಽ ಯವ್ವಾ?”

ಚಿಗವ್ವ ಮುಂದಿನ ಗುಡಿಸಲಿಗೆ ನಡೆದಳು.

ಎಣಿಕೆಗೆ ಏಜೆಂಟಾಗಿ ಕೂರಲು ಬಸ್ತಿಯಲ್ಲಿ ಓದು ಬರುತ್ತಿದ್ದ ಹೆಂಗಸು ನಾನೊಬ್ಬಳೇ. ಅದರ ಪಾಸು ತರಲು ನಾವಿಬ್ಬರೂ ಆ ಸಂಜೆ ಕಚೇರಿಗೆ ಹೋದೆವು. ತಿರುಗಿ ಬಂದಾಗ ಹೆಂಗಸರೆಲ್ಲ ಆಯಿಯ ಸುತ್ತ ಕೂತು ಒಬ್ಬರಿಗೊಬ್ಬರು ಹೆರಳು ಹಾಕುತ್ತಿದ್ದರು.

“ಚಿಂತಿ ಬಿಡು ಗುಣೀ. ನಿನಗ ಒತ್ತಽ ಒತ್ತತೀವಿ,” ಅಂದಳು ಗೋದಾವರಿ. ಹೇಗೆ ಎಂದು ನಾವು ಕೇಳಲಿಲ್ಲ. ಮರುದಿನ ಬಸ್ತಿಯ ಹೆಂಗಸರು ಸಾಲುಗಟ್ಟಿ ಹೋಗಿ ವೋಟು ಹಾಕಿ ಬಂದರು.

ಎಣಿಕೆ ಒಂದು ಶಾಲೆಯ ಸಭಾಂಗಣದಲ್ಲಿ ನಡೆಯಿತು. ಕಾಲನಿಯ ಪೆಟ್ಟಿಗೆಗಳು ಮುಗಿದಾಗ ಅವರಿಬ್ಬರೂ ಹೆಚ್ಚುಕಡಿಮೆ ಸಮ ಇದ್ದರು, ಚಿಗವ್ವ ಹೇಳಿದ ಹಾಗೆಯೇ. ನಮ್ಮ ಬಸ್ತಿಯ ಪೆಟ್ಟಿಗೆ ತೆರೆದಾಗ ಅವಳು ನನ್ನ ಮೊಣಕೈ ಹಿಡಿದುಕೊಂಡಳು. ಗುಮಾಸ್ತ ಮೊದಲ ಚೀಟಿ ಬಿಡಿಸಿದ. ಏಣಿಯ ಮೇಲೆ ಶಿಕ್ಕಾ ಇತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ “ಚೆಲ್ಲದು” ಎಂದು ತೆಲುಗಿನಲ್ಲಿ ಅಂದು ಅದನ್ನು ರದ್ದಾದ ಚೀಟಿಗಳ ಟ್ರೇಗೆ ಎಸೆದ.

“ಸಾರ್, ಏಣಿಗಿ ಒತ್ತ್ಯಾರಲ್ರೀ!”

ಅವನಿಗೆ ಕನ್ನಡ ತಿಳಿಯಲಿಲ್ಲ. ಚೀಟಿಯನ್ನು ಎತ್ತಿ ನನ್ನ ಮುಖಕ್ಕೆ ಹಿಡಿದ. ಏಣಿಗೊಂದು ಶಿಕ್ಕಾ. ರಾಯರ ಗುರುತಿಗೊಂದು. ರಾಮಕೃಷ್ಣಯ್ಯನ ಗುರುತಿಗೊಂದು. ಎಲ್ಲವೂ ಖಾನೆಯ ನಟ್ಟನಡುವೆ, ಗೆರೆ ದಾಟದಂತೆ, ಹಣೆಗೆ ಕುಂಕುಮ ಇಟ್ಟಷ್ಟು ಜತನದಿಂದ. ಅಂಚಿನಲ್ಲಿ ಸೋಪಿಗೆ ಹೋಗದ ಎಣ್ಣೆಮಸಿಯ ಹೆಬ್ಬೆಟ್ಟು.

“ಚೆಲ್ಲದು. ಚೆಲ್ಲದು. ಚೆಲ್ಲದು.”

“ಮೂರೂ ಮಂದಿಗಿ ಹಾಕಿದ್ರ ಯಾರಿಗೂ ಹಾಕಿದಂಗ ಅಲ್ಲ ತಂಗೀ,” ಎಂದು ದತ್ತಾತ್ರೇಯರಾಯರು ಪಕ್ಕದ ಕುರ್ಚಿಯಿಂದ ತಿಳಿಸಿ ಹೇಳಿದರು. ಆ ದಿನ ಅವರ ದನಿ ಮೆತ್ತಗಿತ್ತು.

ನನಗೆ ಅಳು ಬರಲಿಲ್ಲ. ಫ್ಯಾನಿನ ಗಾಳಿಗೆ ಟ್ರೇಯಲ್ಲಿ ಚೀಟಿಗಳು ಅಲುಗುತ್ತಿದ್ದವು. ಅವನ್ನೇ ನೋಡುತ್ತ ನಿಂತೆ. ಕೊನೆಗೆ ಮೇಜಿನ ಮೇಲೆ ಗೆದ್ದವನ ಕಟ್ಟಿಗಿಂತ ರದ್ದಾದ ಕಟ್ಟು ಎತ್ತರವಾಗಿತ್ತು. ರಾಮಕೃಷ್ಣಯ್ಯ ಗೆದ್ದ. ರಾಯರು ಅವನಿಗೆ ಹಾರ ಹಾಕಿ ತಬ್ಬಿಕೊಂಡರು.

ಬಸ್ತಿಯ ಬಾಯಲ್ಲಿ ಆಯಿ ಕಾದಿದ್ದಳು. ಹಿಂದೆ ಹೆಂಗಸರು, ಅವರ ಮಕ್ಕಳು.

“ಗೆದ್ದ್ಯಾ?”

“ಇಲ್ಲಬೇ.”

“ಅದ್ಹೆಂಗ? ಎಲ್ಲಾರೂ ನಿನಗ ಒತ್ತ್ಯಾರ. ನಾನಽ ಹೇಳಿಕೊಟ್ಟೀನಿ. ಅವ್ರಿಗೆ ಕೊಟ್ಟ ಮಾತಿಗಿ ಒಂದೊಂದು, ನಮ್ಮ ಹುಡುಗಿಗಿ ಒಂದು. ಮಾತೂ ಉಳೀತು, ಕೂಸುಗೋಳೂ ಉಳದ್ವು.”

ಆಯಿಯ ಕಥೆಗಳಲ್ಲಿ ಒಂದು ಆಣೆಗೆ ಇನ್ನೊಂದು ಅಡ್ಡ ಬಂದಾಗ ಯಾವಳೋ ಜಾಣೆ ಎರಡನ್ನೂ ಉಳಿಸುವ ದಾರಿ ಹುಡುಕುತ್ತಿದ್ದಳು. ಊರು ಅವಳನ್ನು ಆನೆಯ ಮೇಲೆ ಕೂರಿಸುತ್ತಿತ್ತು. ಆಯಿ ಈಗ ಹಾಗೆಯೇ ನಿಂತಿದ್ದಳು. ನಾನು ಚಿಗವ್ವನ ಮುಖ ನೋಡಿದೆ. ಗೋದಾವರಿಯ ಮಗಳು ಅವಳ ಸೀರೆ ಹಿಡಿದು ಜಗ್ಗುತ್ತಿದ್ದಳು. ಚಿಗವ್ವ ಆ ಮಗುವಿನ ತಲೆಯ ಮೇಲೆ ಕೈಯಿಟ್ಟಳು. ತಟ್ಟನೆ ಹಿಂದಕ್ಕೆ ತೆಗೆದುಕೊಂಡಳು.

“ನೀವೆಲ್ಲಾ ನನಗ ಒತ್ತೀರಿ, ನಾ ಕಣ್ಣಿಲೆ ನೋಡೀನಿ,” ಅಂದಳು. “ಅವ್ರು ಎಣಿಸಲಿಲ್ಲ.”

“ಎಣಿಸದನಽ ಹೆಂಗ ಗೆದ್ರು ಆ ಸೂಳೇಮಕ್ಳು?”

ಆಯಿ ಕೇಳುತ್ತಲೇ ಇದ್ದಳು, ಚಿಗವ್ವ ಗುಡಿಸಲಿಗೆ ಹೋಗಿ ಒಲೆ ಹಚ್ಚಿದಳು.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಬಂದ. ಜೊತೆಗೆ ಬಂದವನ ಕೈಯಲ್ಲಿ ಸುಣ್ಣದ ಪುಡಿಯ ಡಬ್ಬಿ. ಗೋಡೌನಿನ ಪಾಯಕ್ಕೆ ಗುರುತು ಹಾಕುವುದಿತ್ತು. ಗೆರೆ ನಮ್ಮ ಒಲೆಯ ಪಕ್ಕದಿಂದ ಹೊರಟು ಗೋದಾವರಿಯ ಬಾಗಿಲು ದಾಟಿತು. ಆಯಿ ಹೊರಗೆ ಬಂದು ಅದನ್ನು ನೋಡಿದಳು. ಆಮೇಲೆ ಮೊಣಕಾಲೂರಿ ಕೂತು ಅಂಗೈಯಿಂದ ತಿಕ್ಕಿ ಅಳಿಸತೊಡಗಿದಳು.

“ಏ ಮುದುಕೀ, ಏಳ! ಮತ್ತ ಎಳೀತಾನವ!”

“ಎಳೀಲಿ.”

ಡಬ್ಬಿಯವನು ಮತ್ತೆ ಎಳೆದ. ಆಯಿ ತೆವಳಿಕೊಂಡು ಹೋಗಿ ಮತ್ತೆ ಅಳಿಸಿದಳು. ಕೈ, ಮುಖ, ಸೀರೆ ಎಲ್ಲ ಬೆಳ್ಳಗಾದವು. ಚಿಗವ್ವ ಬಂದು ಪಕ್ಕದಲ್ಲಿ ಕೂತಳು. ಮೇಸ್ತ್ರಿ ಇನ್ನೊಂದು ಡಬ್ಬಿ ತರಲು ಆಳನ್ನು ಕಳಿಸಿದ.