ಕಂದು ಹಾಕಿದ ಕೊಟ್ಟಿಗೆಗಳು

ಈಶ್ವರಿಯ ಹಸು ಏಳು ತಿಂಗಳಿಗೇ ಸತ್ತ ಕರು ಈದು ಕಂದು ಹಾಕಿದ ಬೆಳಿಗ್ಗೆ, ಎಂದಿನಂತೆ ಮೊದಲು ಕರೆ ಹೋದದ್ದು ಪುಟ್ಟಯ್ಯನಿಗೆ. ಮಸಿನಗುಡಿಯ ಸುತ್ತ ಹಸು, ಎಮ್ಮೆ ಕಟ್ಟಿಕೊಂಡವರಿಗೆಲ್ಲ ಮೂವತ್ತು ವರ್ಷದಿಂದ ಅವನೇ ಆಸರೆ. ಅಡ್ಡ ನಿಂತ ಕರುವನ್ನು ತಿರುಗಿಸಿ ಎಳೆಯುವುದು, ಬೀಳದ ಮಾಸನ್ನು ಬಿಡಿಸುವುದು, ಎಲ್ಲವನ್ನೂ ಬರಿಗೈಯಲ್ಲೇ ಮಾಡುತ್ತಿದ್ದ. ಯಾರ ಮನೆಯಲ್ಲೂ ಒಂದು ಲೋಟ ಕಾಫಿಗಿಂತ ಹೆಚ್ಚು ತೆಗೆದುಕೊಂಡವನಲ್ಲ.

"ಈ ವರ್ಷ ಇದು ಐದನೇ ಮನೆ. ಯಾರ ಕಣ್ಣು ಬಿತ್ತೋ," ಎಂದಳು ಈಶ್ವರಿ.

ಪುಟ್ಟಯ್ಯ ಹಸುವಿನೊಳಗೆ ಕೈ ಹಾಕಿ ನೋಡಿದ. ಮಾಸು ತೊಗಲಿನ ಹಾಗೆ ದಪ್ಪಗಾಗಿ ಒಳಗೇ ಅಂಟಿಕೊಂಡಿತ್ತು. ಹಿಂದಿನ ನಾಲ್ಕು ಮನೆಗಳಲ್ಲೂ ಹೀಗೇ ಇತ್ತೆಂಬುದು ಅವನ ಬೆರಳುಗಳಿಗೆ ಗೊತ್ತಿತ್ತು. ಕೆಲಸ ಮುಗಿಯುವ ಹೊತ್ತಿಗೆ ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದ. ನಾಲ್ಕು ತಿಂಗಳಿಂದ ಸಂಜೆಯಾದರೆ ಜ್ವರ, ಬೆವರು, ಕೀಲುನೋವು. ಎರಡು ವಾರ ಬಿಟ್ಟಂತಾಗಿ ಮತ್ತೆ ಬರುತ್ತಿತ್ತು. ಅರವತ್ತೆರಡಾಯಿತಲ್ಲ, ಇನ್ನೇನಾದೀತು ಎಂದುಕೊಂಡು ಸುಮ್ಮನಿದ್ದ.

ಅಷ್ಟರಲ್ಲಿ ಅಂಗಳದಲ್ಲಿ ಸ್ಕೂಟರ್ ನಿಂತಿತು. ಈಶ್ವರಿಯ ಸೊಸೆ ರಮ್ಯಾ ಅತ್ತೆಗೂ ಹೇಳದೆ ದನದ ಡಾಕ್ಟರಿಗೆ ಫೋನ್ ಮಾಡಿದ್ದಳು. ಡಾಕ್ಟರ್ ಸರಣ್ಯಾ ಮಂಜೂರು ಕಡೆಯ ಬಡಗರ ಹುಡುಗಿ. ಇಲ್ಲಿಗೆ ಬಂದು ಮೂರು ತಿಂಗಳಾಗಿತ್ತು. ಕೊಟ್ಟಿಗೆಗೆ ಕಾಲಿಟ್ಟವಳು ಪುಟ್ಟಯ್ಯನ ಕೈ ನೋಡಿ ಅಲ್ಲೇ ನಿಂತಳು.

"ದೊಡ್ಡಪ್ಪ, ಮೊದಲು ಸೋಪು ಹಾಕಿ ತೊಳ್ಕೊಳ್ಳಿ. ಸತ್ತ ಕರು ಎಲ್ಲಿ?"

"ಗೋಣಿಚೀಲದಲ್ಲಿ ಅದೆ. ಹಳ್ಳದ ಆಚೆ ಹಾಕ್ಬುಡ್ತೀನಿ. ಯಾವಾಗ್ಲೂ ಅಲ್ಲೇ ಹಾಕೋದು."

"ಬೇಡ. ಅದು ನನಗೆ ಬೇಕು."

ಅವಳು ಕೈಗೆ ಗ್ಲೌಸ್ ಹಾಕಿಕೊಂಡು ಕರುವಿನ ಹೊಟ್ಟೆ ಸೀಳಿದಳು. ಅದರ ಜಠರದೊಳಗಿನ ನೀರನ್ನು ಸಿರಿಂಜಿನಲ್ಲಿ ಎಳೆದು ಸೀಸೆಗೆ ತುಂಬಿ ಐಸ್ ಡಬ್ಬಿಯಲ್ಲಿಟ್ಟಳು. ಹಸುವಿನ ಕುತ್ತಿಗೆಯಿಂದ ರಕ್ತ ತೆಗೆದಳು.

"ಕಂದು ಹಾಕಿಸೋ ಕಾಯಿಲೆ ಒಂದೇ ಅಲ್ಲ," ಎಂದಳು ಈಶ್ವರಿಗೆ. "ಇಲಿ ಉಚ್ಚೆಯಿಂದ ಬರೋದೂ ಇದೆ, ಬೇರೆ ರೋಗಾಣುಗಳೂ ಇವೆ. ಯಾವುದು ಅಂತ ತಿಳೀದೆ ಸೂಜಿ ಚುಚ್ಚಿದ್ರೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ."

ಮುಂದಿನ ಒಂದು ವಾರ ಪುಟ್ಟಯ್ಯನೇ ಅವಳನ್ನು ಮನೆಮನೆಗೆ ಕರೆದುಕೊಂಡು ಹೋದ. ಸೂಜಿ ಕಂಡು ಹಿಂಜರಿದವರು ಅವನ ಮುಖ ನೋಡಿ ಒಪ್ಪಿದರು. ಹಸುಗಳ ಮೂಗುದಾರ ಹಿಡಿದುಕೊಂಡವನೂ ಅವನೇ. ಮೂವತ್ತೊಂದು ದನಗಳ ರಕ್ತ ಸಿಕ್ಕಿತು. ಆಸ್ಪತ್ರೆಯ ಮೇಜಿನ ಮೇಲೆ ಸರಣ್ಯಾ ರಕ್ತದ ತಿಳಿಯ ಒಂದೊಂದು ಹನಿಗೆ ಗುಲಾಬಿ ಬಣ್ಣದ ದ್ರವ ಬೆರೆಸಿ ಗಾಜನ್ನು ಮೆಲ್ಲನೆ ಓಲಾಡಿಸಿದಳು. ಹೆಚ್ಚಿನವು ನುಣ್ಣಗೆ ಹಾಗೇ ಉಳಿದವು. ಒಂಬತ್ತು ಮಾತ್ರ ಒಡೆದ ಹಾಲಿನ ಹಾಗೆ ಕಾಳುಕಾಳಾದವು; ಅದು ರೋಗದ ಗುರುತು. ಆ ಒಂಬತ್ತರಲ್ಲಿ ಪುಟ್ಟಯ್ಯನ ಹಸುವೂ ಒಂದು.

ಮೂರು ವಾರಕ್ಕೆ ಪ್ರಯೋಗಾಲಯದ ಕಾಗದ ಬಂತು. ಕರುವಿನ ಜಠರದ ನೀರಿನಲ್ಲಿ ರೋಗಾಣು ಬೆಳೆದಿತ್ತು. ಹೆಸರು ಬ್ರೂಸೆಲ್ಲಾ.

"ಕಂದು ರೋಗ ಅಂತಾರಲ್ಲ, ಅದೇ," ಎಂದಳು ಸರಣ್ಯಾ. ನೋಟ್‌ಬುಕ್ ತೆರೆದು ಕೇಳಿದಳು: "ಯಾವ ಮನೇಲಿ ಯಾವಾಗ ಕಂದು ಹಾಕಿತು, ನೆನಪಿದೆಯಾ?"

"ಮೊದಲು ತಂಗಮಣಿ ಮನೇಲಿ. ಅವತ್ತೇ ಮಧ್ಯಾಹ್ನ ಜಯರಾಮನ್ ಮನೇಲಿ ಎಮ್ಮೆ ಈಯ್ತು, ಅಲ್ಲಿಗೆ ಹೋದೆ. ಆ ಎಮ್ಮೆ ಚೆನ್ನಾಗೇ ಈಯ್ತು. ಆದ್ರೆ ಎರಡು ತಿಂಗಳಿಗೆ ಅದರ ಪಕ್ಕದಲ್ಲಿ ಕಟ್ಟಿದ್ದ ಹಸು..."

ಪುಟ್ಟಯ್ಯ ಅಲ್ಲಿಗೇ ನಿಲ್ಲಿಸಿದ. ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

"ಡಾಕ್ಟ್ರಮ್ಮ, ಇದು ನನ್ನ ಕೈಯಿಂದ ಹೋಯ್ತಾ?"

"ಎಲ್ಲಿಂದ ಬಂತು ಅಂತ ಹೇಳೋಕಾಗಲ್ಲ. ಹೊರಗಿಂದ ತಂದ ಯಾವುದೋ ಹಸುವಿನಿಂದ ಬಂದಿರಬಹುದು. ಹಳ್ಳದ ಆಚೆ ಬಿಸಾಕಿದ್ದನ್ನ ನಾಯಿ ಎಳೆದಾಡಿ, ಅದೇ ಹುಲ್ಲನ್ನ ದನ ಮೇಯ್ದಿರಬಹುದು." ಅವಳು ಪೆನ್ನು ಕೆಳಗಿಟ್ಟಳು. "ಆದ್ರೆ ಕೈಯೂ ಒಂದು ದಾರಿ, ದೊಡ್ಡಪ್ಪ. ಇಲ್ಲ ಅಂತ ನಿಮಗೆ ಸುಳ್ಳು ಹೇಳಲ್ಲ. ಇದು ಮನುಷ್ಯರಿಗೂ ಬರುತ್ತೆ. ನಿಮಗೆ ಜ್ವರ ಏನಾದ್ರೂ ಬರ್ತಿದೆಯಾ?"

ಮರುದಿನ ಪುಟ್ಟಯ್ಯ ಕಲ್ಲಟ್ಟಿ ಘಾಟಿ ಹತ್ತಿ ಊಟಿಯ ಆಸ್ಪತ್ರೆಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದ. ಅವನಿಗೂ ಅದೇ ರೋಗ. ಆರು ವಾರ ಒಂದು ದಿನವೂ ತಪ್ಪದೆ ಮಾತ್ರೆ ನುಂಗಬೇಕೆಂದರು. ಮನುಷ್ಯನಿಗಾದರೆ ಮದ್ದುಂಟು, ದನಕ್ಕಿಲ್ಲ ಎಂದು ಸರಣ್ಯಾ ಹೇಳಿದ್ದಳು. ರೋಗದ ಹಸುಗಳನ್ನು ಬೇರೆ ಕಟ್ಟಬೇಕು, ಹಾಲು ಕಾಯಿಸದೆ ಕುಡಿಯಬಾರದು, ಹೆಣ್ಣುಕರುಗಳಿಗೆ ಲಸಿಕೆ ಹಾಕಿಸಬೇಕು. ಅಷ್ಟೇ ಮಾಡಲು ಸಾಧ್ಯ.

ಅವತ್ತು ರಾತ್ರಿ ಪುಟ್ಟಯ್ಯ ತಟ್ಟೆ ಸರಿಸಿ, ತನ್ನ ಕೈಯಿಂದಲೂ ರೋಗ ಹರಡಿರಬಹುದೆಂದು ನಾಳೆ ಮನೆಮನೆಗೂ ಹೋಗಿ ಹೇಳುತ್ತೇನೆ ಎಂದ.

"ನೀವು ಬೇಕಂತ ಮಾಡಿದ್ರಾ?" ಎಂದಳು ಹೆಂಡತಿ ಸಿದ್ದಾಜಮ್ಮ. "ರೋಗ ಐತೆ ಅಂತ ಡಾಕ್ಟ್ರಮ್ಮ ಎಲ್ಲರಿಗೂ ಹೇಳ್ತಾರೆ. ನಿಮ್ಮ ಹೆಸರು ಎತ್ತಲ್ಲ ಅಂದವ್ರೆ. ಸುಮ್ನಿರಿ."

"ಅವರು ಎತ್ತಲ್ಲ ಕಣೆ. ನಾನು ಸುಮ್ನಿದ್ರೆ, ನಾಳೆ ಇನ್ನೊಬ್ಬ ಬರಿಗೈ ಹಾಕ್ತಾನೆ. ಈಶ್ವರಿ ಕೊಟ್ಟಿಗೆ ತೊಳೆದೋಳು ರಮ್ಯಾ. ಐದು ತಿಂಗಳ ಬಸುರಿ."

ಬೆಳಿಗ್ಗೆ ಅವನು ಹೊರಟಾಗ ಸಿದ್ದಾಜಮ್ಮ ತಾನೂ ಸೆರಗು ಹೊದ್ದು ಜೊತೆಗೆ ಹೊರಟಳು.

ಈಶ್ವರಿ ಎಲ್ಲವನ್ನೂ ನಿಂತೇ ಕೇಳಿದಳು. ಬೈಯಲಿಲ್ಲ, ಕೂರಿ ಅಂತಲೂ ಅನ್ನಲಿಲ್ಲ. ಸೊಸೆಯನ್ನು ಕರೆದು, "ಸೀರೆ ಉಟ್ಕೋ, ಊಟಿಗೆ ಹೋಗ್ಬೇಕು," ಎಂದಷ್ಟೇ ಹೇಳಿದಳು. ತಂಗಮಣಿ ಅತ್ತಳು. ಜಯರಾಮನ್ ಮಾತ್ರ ಬೀದಿಗೆಲ್ಲ ಕೇಳುವಂತೆ ಕೂಗಾಡಿದ: "ನಂಬಿ ಕರೆದ್ರೆ ನನ್ನ ಕೊಟ್ಟಿಗೇನೇ ಹಾಳು ಮಾಡಿದ್ರಲ್ಲ! ಇನ್ನು ಈ ಅಂಗಳಕ್ಕೆ ಕಾಲಿಡಬೇಡಿ." ಪುಟ್ಟಯ್ಯ ತಲೆ ತಗ್ಗಿಸಿ ಕೇಳಿಸಿಕೊಂಡ. ಇನ್ನೂ ಹೇಳಬೇಕಾದ ಮನೆಗಳಿದ್ದವು. ಸಂಜೆಯೊಳಗೆ ಒಂದನ್ನೂ ಬಿಡದೆ ಹೋಗಿ ಬಂದ.

ರಮ್ಯಾಳ ರಕ್ತದಲ್ಲಿ ರೋಗವಿರಲಿಲ್ಲ. ಆ ಸುದ್ದಿ ಬರುವವರೆಗಿನ ನಾಲ್ಕು ದಿನ ಪುಟ್ಟಯ್ಯ ಮನೆಯಿಂದ ಹೊರಗೆ ಬಂದಿರಲಿಲ್ಲ. ಮಾತ್ರೆಗಳಿಂದ ಜ್ವರ ಇಳಿಯಿತು, ಸೊಂಟದ ನೋವು ಪೂರ್ತಿ ಹೋಗಲಿಲ್ಲ. ಕರೆಯುವವರು ನಿಂತುಹೋದರು.

ಮುಂದಿನ ವರ್ಷ ಏಪ್ರಿಲ್‌ನಲ್ಲಿ, ಚಿತ್ರೆ ತಿಂಗಳು ಹುಟ್ಟಿದ ಮೇಲೆ, ಒಂದು ಮಧ್ಯಾಹ್ನ ಜಯರಾಮನ್ ಅವನ ಬಾಗಿಲಿಗೆ ಬಂದ. ರೋಗವಿಲ್ಲದ ಹಸುವಿಗೆ ಕರು ಅಡ್ಡ ನಿಂತಿತ್ತು. ಸರಣ್ಯಾ ಗೂಡಲೂರಿನಲ್ಲಿದ್ದಳು, ಬರಲು ಎರಡು ಗಂಟೆಯಾದರೂ ಬೇಕು.

"ಡಾಕ್ಟ್ರಮ್ಮನೇ ನಿಮ್ಮನ್ನ ಕರೀ ಅಂದ್ರು," ಎಂದ ಬೇರೆ ಕಡೆ ನೋಡುತ್ತ.

ಸರಣ್ಯಾ ಹಿಂದೆ ಕೊಟ್ಟುಹೋಗಿದ್ದ, ಹೆಗಲವರೆಗೆ ಬರುವ ಗ್ಲೌಸ್ ತೊಟ್ಟು ಪುಟ್ಟಯ್ಯ ಮಂಡಿಯೂರಿದ. ಗ್ಲೌಸಿನೊಳಗೆ ಬೆರಳಿಗೆ ಏನೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಎರಡು ಸಲ ಕರುವಿನ ಕಾಲು ಕೈಯಿಂದ ಜಾರಿತು. ಮೂರನೇ ಸಲಕ್ಕೆ ಗೊರಸು ಹಿಡಿತಕ್ಕೆ ಬಂದು ಕರು ತಿರುಗಿತು. ಹೆಣ್ಣುಕರು. ಸ್ವಲ್ಪ ಹೊತ್ತು ಉಸಿರೇ ಇರಲಿಲ್ಲ. ಜಯರಾಮನ್ ಹುಲ್ಲಿನಿಂದ ಮೈ ಉಜ್ಜಿದ ಮೇಲೆ ಸೀನಿ ತಲೆ ಕೊಡವಿತು.

"ನಾಲ್ಕು ತಿಂಗಳು ತುಂಬಿದ ಮೇಲೆ ಲಸಿಕೆ ಹಾಕಿಸು. ತಡ ಮಾಡಬೇಡ," ಎಂದ ಪುಟ್ಟಯ್ಯ.

"ಅಣ್ಣ," ಎಂದ ಜಯರಾಮನ್. "ನಮ್ಮಪ್ಪ ಸತ್ತಾಗ ಹೆಗಲು ಕೊಟ್ಟೋರು ನೀವು. ಅದನ್ನ ಮರೆತು ಬೀದೀಲಿ ಏನೇನೋ ಅಂದುಬಿಟ್ಟೆ."

"ನೀನಂದದ್ದು ಸುಳ್ಳಲ್ಲಪ್ಪ," ಎಂದ ಪುಟ್ಟಯ್ಯ. ಮೇಲೇಳಲು ಕೈ ಚಾಚಿದ. ಜಯರಾಮನ್ ಹಿಡಿದು ಎಬ್ಬಿಸಿದ.